ನನ್ನ ಕೈಲಿ ಕೆಟ್ಟ ನಾಲ್ಕು ಡ್ರಮ್ ಬಿಯರು

ನಾನು ಮುಟ್ಟಿದ ಬಿಯರು ಕೆಡುತ್ತೆ. ಒಂದ್ಸಲ ಆಗಿದ್ರೆ ಗ್ರಹಚಾರ ಅನ್ನಬಹುದಿತ್ತು. ಸಾಲಾಗಿ ಆಗ್ತಾ ಹೋಗಿ, ಕೊನೆಕೊನೆಗೆ ಆಶ್ಚರ್ಯಪಡೋದಕ್ಕೂ ಸುಸ್ತಾಗಿಹೋಯ್ತು.

ತಮಾಷೆ ಏನಂದ್ರೆ, ಕೆಡದ ಹಾಗೆ ನೋಡ್ಕೊಳ್ಳೋದೇ ನನ್ನ ಹೊಟ್ಟೆಪಾಡು. ಆಸ್ಟ್ರೇಲಿಯಾದ ಪರ್ತಿನ ಒಂದು ಗಣಿ ಕಂಪನಿಯಲ್ಲಿ, ಪಂಪುಗಳು ಕೆಡೋಕೆ ಮುಂಚೆನೇ ಯಾಕೆ ಕೆಡಬಹುದು ಅಂತ ಹೇಳೋ ಇಂಜಿನಿಯರು ನಾನು. ಸಾವಿರ ಕಿಲೋಮೀಟರ್ ದೂರದ ಪಂಪು ನನ್ನ ಮಾತು ಕೇಳುತ್ತೆ. ವಿಲೆಟನ್ನಿನ ನಮ್ಮ ಮನೆ ಲಾಂಡ್ರಿಯಲ್ಲಿ, ಅಂದ್ರೆ ಬಟ್ಟೆ ಒಗೆಯೋ ರೂಮಿನಲ್ಲಿ, ಕೂತಿರೋ ಪ್ಲಾಸ್ಟಿಕ್ ಡ್ರಮ್ಮು ಕೇಳಲ್ಲ.

ಆ ಡ್ರಮ್ಮು ಕೊಟ್ಟಿದ್ದು ಪಕ್ಕದ್ಮನೆ ಅಜ್ಜ. ಇಲ್ಲೇ ಹುಟ್ಟಿ ಬೆಳೆದ ಆಸ್ಟ್ರೇಲಿಯನ್. ಮೂವತ್ತು ವರ್ಷ ಅದರಲ್ಲೇ ಬಿಯರು ಮಾಡಿದವರು. ಈಗ ಕೈ ಕೀಲು ನೋವು, ಎತ್ತಿ ಇಳಿಸೋಕೆ ಆಗಲ್ಲ. ಮನೆ ಬೇರೆ ಮಾರ್ತಾ ಇದ್ರು. ಕ್ರಿಸ್‌ಮಸ್‌ಗೆ ಮುಂಚೆ ಅಡಿಲೇಡಿನ ಮಗಳ ಹತ್ರ ಹೋಗೋದು ಅಂತ ತೀರ್ಮಾನ ಆಗಿತ್ತು. "ಹೋಗೋಕೆ ಮುಂಚೆ ಈ ಡ್ರಮ್ಮಿನ ಬಿಯರು ಒಂದ್ಸಲ ಕುಡಿಸ್ಬಿಡು ಮೇಟ್, ಅಷ್ಟು ಸಾಕು" ಅಂದ್ರು. "ಒಂದ್ಸಲ ಏನು, ಡಜನ್ ಬಾಟಲಿ ಕೊಡ್ತೀನಿ" ಅಂತ ಮಾತು ಕೊಟ್ಬಿಟ್ಟೆ. ಬಾಯಿ ಸುಮ್ನಿರಲ್ಲ ನೋಡಿ.

೧. ಕಂಬಳಿ

ಮಾಡೋ ಕೆಲಸ ದೊಡ್ಡದೇನಲ್ಲ. ಡಬ್ಬದಲ್ಲಿ ಬರೋ ಬಾರ್ಲಿ ಪಾಕಾನ ನೀರು, ಸಕ್ಕರೆ ಜೊತೆ ಡ್ರಮ್ಮಿಗೆ ಸುರಿದು, ಮೇಲೆ ಯೀಸ್ಟ್ ಉದುರಿಸಿ, ಮುಚ್ಚಿ, ಮೂರು ವಾರ ಸುಮ್ಮನಿರೋದು. ಈ ಸುಮ್ಮನಿರೋದು ಇದೆಯಲ್ಲ, ಅದು ನಮ್ಮ ವಂಶದಲ್ಲೇ ಇಲ್ಲ.

ಜೂನ್ ತಿಂಗಳು, ಪರ್ತಿನ ಚಳಿ. ಮೈಸೂರಲ್ಲಿ ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರಲಿ ಅಂತ ನಮ್ಮಮ್ಮ ಪಾತ್ರೆಗೆ ಕಂಬಳಿ ಹೊದಿಸ್ತಿದ್ದದ್ದು ನೆನಪಾಯ್ತು. ಹಿಟ್ಟೇನು, ಬಿಯರೇನು, ಉಬ್ಬೋದು ಉಬ್ಬೋದೇ ತಾನೆ? ಡ್ರಮ್ಮಿಗೆ ಎರಡು ಕಂಬಳಿ ಸುತ್ತಿ, ಹಾಲಿಗೆ ತಂದು ಹೀಟರಿನ ಪಕ್ಕ ಕೂರಿಸಿದೆ. ಅಜ್ಜ ಕೊಟ್ಟ ಚೀಟಿಯಲ್ಲಿ "ತಂಪಾದ ಜಾಗದಲ್ಲಿ ಇಡು" ಅಂತ ಬರೆದಿತ್ತು. ಪಾಪ, ಅವರಿಗೆ ದೋಸೆ ಗೊತ್ತಿಲ್ಲ ಅಂದ್ಕೊಂಡೆ.

ಮಾರನೇ ದಿನ ನೊರೆ ಉಕ್ಕಿ, ಮುಚ್ಚಳ ಎಗರಿ, ಕಾರ್ಪೆಟ್ಟೆಲ್ಲಾ ಅಂಟು. ಹೆಂಡತಿ ಮೂಗು ಮುಚ್ಕೊಂಡು ಬಂದು, "ರೀ, ನೇಲ್ ಪಾಲಿಶ್ ಅಳಿಸೋ ಬಾಟಲಿ ಚೆಲ್ಲಿದ್ರಾ?" ಅಂದಳು. ಆದ್ರೂ ಆಸೆ ಬಿಡಬೇಕಲ್ಲ? ಉಳಿದದ್ದನ್ನ ಮೂರು ವಾರ ಕಾದು, ಅಜ್ಜನಿಗೆ ಒಂದು ಲೋಟ ಕೊಟ್ಟೆ. ಒಂದು ಗುಟುಕು ಕುಡಿದು, ಲೋಟಾನ ಬೆಳಕಿಗೆ ಹಿಡಿದು ನೋಡಿದ್ರು. "ಒಂದು ಬಾಟಲಿ ಇರಲಿ ಮೇಟ್, ಬೇಲಿ ಪೇಂಟ್ ಕೆರೆಯೋದಿದೆ" ಅಂದ್ರು. ತಮಾಷೆ ಅಂದ್ಕೊಂಡೆ. ಆ ವಾರ ಅವರ ಗ್ಯಾರೇಜಿಗೆ ಹೋದ್ರೆ, ನಿಜವಾಗ್ಲೂ ಟರ್ಪೆಂಟೈನ್ ಪಕ್ಕ ಇಟ್ಟಿದ್ರು.

೨. ಇಂಗು

ಎರಡನೇ ಸಲ ಕಂಬಳಿ ಇಲ್ಲ, ಹೀಟರಿಲ್ಲ. ತಂಪು ಲಾಂಡ್ರಿ. ಎಲ್ಲಾ ಸರಿಯಾಗಿತ್ತು, ಕಲಕೋಕೆ ಮಾತ್ರ ಉದ್ದ ಸೌಟು ಬೇಕಾಯ್ತು. ಅಡುಗೆಮನೆಯಲ್ಲಿ ಪ್ಲಾಸ್ಟಿಕ್ ಸೌಟೊಂದಿತ್ತು. ತೊಳೆದೇ ತಗೊಂಡೆ, ಆಣೆ ಮಾಡಿ ಹೇಳ್ತೀನಿ. ಆದ್ರೆ ಆರು ವರ್ಷ ಸಾರು, ಹುಳಿಯಲ್ಲಿ ಮುಳುಗಿ ಎದ್ದ ಸೌಟು ಅದು. ತೊಳೆದ್ರೆ ಬಣ್ಣ ಹೋಗುತ್ತೆ, ಸಂಸ್ಕಾರ ಹೋಗಲ್ಲ.

ಅಜ್ಜ ಈ ಸಲ ಲೋಟ ಮೂಗಿನ ಹತ್ರ ಹಿಡಿದು ಕುತೂಹಲದಿಂದ ಕೇಳಿದ್ರು. ಬಿಯರಿಗೆ ಘಮ ಬರಲಿ ಅಂತ ಹಾಪ್ಸ್ ಅನ್ನೋ ಹೂವು ಹಾಕ್ತಾರೆ. "ಇದು ಯಾವ ಹಾಪ್ಸು? ಮೂವತ್ತು ವರ್ಷದಲ್ಲಿ ಈ ವಾಸನೆ ನೋಡಿಲ್ಲ."

ಒಗ್ಗರಣೆ ಇಂಗು ಅಂತ ಹೆಂಗೆ ಹೇಳ್ಲಿ? "ಇಂಡಿಯಾದ್ದು" ಅಂದೆ.

"ಅಲ್ಲೇ ಇರ್ಲಿ ಬಿಡು" ಅಂದ್ರು ಅಜ್ಜ.

೩. ತಪಾಸಣೆ

ಮೂರನೇ ಸಲ ಬ್ರಿಸ್ಬೇನಿಗೆ ಫೋನ್ ಮಾಡಿದೆ. ಅಲ್ಲಿ ರನ್‌ಕಾರ್ನ್‌ನಲ್ಲಿ ನನ್ನ ಹಳೇ ಸ್ನೇಹಿತ ಇದ್ದಾರೆ. ಮಂಗಳೂರಿನ ಕಡೆಯವರು, ಹತ್ತು ವರ್ಷ ಮಸ್ಕತ್ತಿನಲ್ಲಿದ್ದು ಬಂದವರು. ಕ್ರಿಸ್‌ಮಸ್‌ಗೆ ಮನೆಯಲ್ಲೇ ದ್ರಾಕ್ಷಿ ವೈನು ಮಾಡೋ ಮನೆತನ. ಅವರದ್ದು ಇವತ್ತಿನವರೆಗೆ ಕೆಟ್ಟಿದ್ದಿಲ್ಲ. "ಎಂತ ಇಲ್ಲ ಮಾರಾಯ್ರೇ, ಎಲ್ಲ ಚೊಕ್ಕ ತೊಳೀರಿ, ಮುಚ್ಚಿ ಇಡಿ, ಹಿಂತಿರುಗಿ ನೋಡ್ಬೇಡಿ" ಅಂದ್ರು.

ಹಿಂತಿರುಗಿ ನೋಡದೇ ಇರೋಕೆ ಆಗುತ್ತಾ, ನಾನು ಪಂಪಿನ ಇಂಜಿನಿಯರಲ್ವಾ? ದಿನಾ ಆರ್ವೋ, ಅಂದ್ರೆ ಇಲ್ಲಿನವರ ಬಾಯಲ್ಲಿ ಮಧ್ಯಾಹ್ನ, ಕೆಲಸದಿಂದ ಬಂದ ತಕ್ಷಣ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ಮೂಸಿ, ಒಂದು ಚಮಚ ರುಚಿ ನೋಡಿ, ಲ್ಯಾಪ್‌ಟಾಪಿನಲ್ಲಿ ಬರ್ಕೊಳ್ತಿದ್ದೆ. ಬಣ್ಣ, ವಾಸನೆ, ಟೆಂಪರೇಚರು. ಮಗಳು ಇಲ್ಲೇ ಹುಟ್ಟಿದವಳು, ಕನ್ನಡ ಎಲ್ಲಾ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷಲ್ಲಿ. "ಡ್ಯಾಡ್, ಲೀವ್ ಇಟ್ ಅಲೋನ್" ಅಂದಳು. ಹನ್ನೊಂದನೇ ದಿನ ಮೇಲೆಲ್ಲಾ ಬೆಳ್ಳಗೆ ಬೂಷ್ಟು. ಮತ್ತೆ ಬ್ರಿಸ್ಬೇನಿಗೆ ಫೋನ್.

"ನೀವು ಮುಚ್ಚಳ ತೆಗೆದದ್ದಾ?"

"ದಿನಕ್ಕೆ ಒಂದೇ ಸಲ."

"ಯಾಕೆ ಮಾರಾಯ್ರೇ?"

"ಕೆಟ್ಟಿದೆಯಾ ಅಂತ ನೋಡೋಕೆ."

ಅವರು ತುಂಬಾ ಮೆತ್ತಗೆ, "ನಿಮ್ಮ ಕಂಪನಿಯ ಪಂಪು ಎಲ್ಲ ಸರಿ ಉಂಟಾ?" ಅಂದ್ರು.

೪. ಮಂಗಳಾರತಿ

ನಾಲ್ಕನೇ ಸಲ ಬಿಯರು ಕೆಡಲಿಲ್ಲ. ಅಂದ್ರೆ, ಬಾಟಲಿಗೆ ತುಂಬೋವರೆಗೆ ಕೆಡಲಿಲ್ಲ. ಅಲ್ಲಿಗೆ ಸುಮ್ಮನಿದ್ದಿದ್ರೆ ಅಜ್ಜನಿಗೆ ಕೊಟ್ಟ ಮಾತು ತೀರ್ತಿತ್ತು. ಬಾಟಲಿಯಲ್ಲಿ ಗ್ಯಾಸ್ ಕಟ್ಟೋಕೆ ಒಂದೊಂದಕ್ಕೂ ಚೂರು ಸಕ್ಕರೆ ಹಾಕಬೇಕು, ಅಳೆದು. ನಾನು ಕಾಫಿಗೆ ಹಾಕೋ ಹಾಗೆ ಕಣ್ಣಳತೆಯಲ್ಲಿ ಹಾಕಿದೆ. ನನ್ನ ಕಾಫಿ ಕುಡಿದವರಿಗೆ ಗೊತ್ತು ಅದೆಷ್ಟು ಅಂತ.

ಹದಿನೈದು ದಿನಕ್ಕೆ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪಿಯಾರಾ ವಾಟರ್ಸ್ ಬಡಾವಣೆ ಕಡೆಯಿಂದ ಆರು ಸಂಸಾರ ಬಂದಿತ್ತು. ಸರಿಯಾಗಿ ಮಂಗಳಾರತಿ ಎತ್ತಿದ್ದಾರೆ, ಲಾಂಡ್ರಿ ಕಪಾಟಿನಿಂದ ಢಂ! ಪೂಜೆ ಮಾಡಿಸ್ತಿದ್ದ ಪುರೋಹಿತರು ವಾರದ ದಿನದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋರು, ಕ್ರ್ಯಾಶ್ ಆದ್ರೆ ಗಾಬರಿ ಬೀಳಲ್ಲ. "ಗಂಟೆ ಜೋರಾಗಿ ಬಾರಿಸಿ" ಅಂದ್ರು. ಬಾರಿಸಿದೆ. ಢಂ, ಢಂ! ಒಬ್ಬರು ಆಂಟಿ ನನ್ನ ಹೆಂಡತಿ ಕೈ ಹಿಡ್ಕೊಂಡು, "ಇಲ್ಲೂ ಪಟಾಕಿ ಸಿಗುತ್ತಾ? ಎಷ್ಟು ಶ್ರದ್ಧೆ ನಿಮಗೆ!" ಅಂದ್ರು. ನನ್ನ ಹೆಂಡತಿ ನಕ್ಕಳು. ಆ ನಗು ನೋಡಿ ನನ್ನ ಜೀವ ಹೋಯ್ತು.

ಅಷ್ಟರಲ್ಲಿ ಲಾಂಡ್ರಿ ಬಾಗಿಲ ಕೆಳಗಿಂದ ನೊರೆನೊರೆಯಾಗಿ ಒಂದು ತೊರೆ ಹಾಲಿನ ಕಡೆ ಹರಿದು ಬಂತು. ಮಗಳು ಎಲ್ಲರಿಗೂ ಕೇಳೋ ಹಾಗೆ, "ಡ್ಯಾಡ್, ಯುವರ್ ಬಿಯರ್ ಈಸ್ ಕಮಿಂಗ್ ಫಾರ್ ಪ್ರಸಾದ್" ಅಂದಳು.

ಎಲ್ಲರೂ ಹೋದ ಮೇಲೆ ಹೆಂಡತಿ ಕೂಗಾಡಲಿಲ್ಲ. ನಾನು ಗಾಜಿನ ಚೂರು ಆರಿಸ್ತಾ ಇದ್ದೆ. ಅವಳು ಫ್ರಿಜ್ಜಿನ ಮೇಲೆ ಅಂಟಿಸಿದ್ದ ಕೌನ್ಸಿಲ್ ಚೀಟಿ ತಂದು ತೋರಿಸಿದಳು. ಬೇಡದ ದೊಡ್ಡ ಸಾಮಾನನ್ನ ರಸ್ತೆ ಬದಿಗೆ, ಇಲ್ಲಿನವರು ವರ್ಜ್ ಅನ್ನೋ ಜಾಗಕ್ಕೆ, ಇಟ್ರೆ ಲಾರಿಯವರು ಒಯ್ಯೋ ದಿನ, ಡಿಸೆಂಬರಿನಲ್ಲಿ. "ಇನ್ನೊಂದೇ ಸಲ. ಅದೂ ಆ ಅಜ್ಜನ ಮುಖ ನೋಡಿ. ಆಮೇಲೆ ಈ ಡ್ರಮ್ಮು ವರ್ಜಿಗೆ" ಅಂದಳು.

೫. ಭರಣಿ

ಅಕ್ಟೋಬರಿನಲ್ಲಿ ಮೈಸೂರಿಂದ ಅತ್ತೆ ಬಂದ್ರು. ನಮ್ಮತ್ತೆ ಉಪ್ಪಿನಕಾಯಿಗೆ ಅವರ ಬೀದಿಯಲ್ಲೇ ಹೆಸರು. ಎರಡು ವರ್ಷದ ಮಾವಿನಕಾಯಿ ಭರಣಿ ತೆಗೆದ್ರೂ ನಿನ್ನೆ ಹಾಕಿದ ಹಾಗಿರುತ್ತೆ. ಹೆಂಡದ ಸುದ್ದಿ ಎತ್ತಿದ್ರೆ ಮಾತ್ರ ಎದ್ದು ಒಳಗೆ ಹೋಗ್ತಾರೆ. ಹಾಗಾಗಿ ಐದನೇ ಸಲದ ಕೆಲಸಾನ ಅವರು ಮಲಗಿದಾಗ ಮುಗಿಸೋಣ ಅಂತ ಲಾಂಡ್ರಿ ಸೇರಿದೆ. ಪಾಕ ಕಲಕಿ, ಒಂದು ಚಮಚ ಬಾಯಿಗಿಟ್ಟು, ಅದೇ ಚಮಚಾನ ಮತ್ತೆ ಅದ್ದಿದೆ. ಹಿಂದೆ ಉಸಿರೆಳೆದ ಸದ್ದು.

"ಅಳಿಯಂದ್ರೇ! ಎಂಜಲು ಚಮಚ!"

"ಬಾರ್ಲಿದು ಅತ್ತೆ, ಹುದುಗು ಬರಬೇಕು" ಅಂದೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಚಾವಣಿ ನೋಡ್ತಾ ಇದ್ದಳು.

"ಯಾವುದಾದ್ರೇನು, ಎಂಜಲಾದ ಪದಾರ್ಥ ಬಾಳಿಕೆ ಬರುತ್ತಾ? ಚೆಲ್ಲಿ. ಹೊಸ ಡಬ್ಬ ತನ್ನಿ. ಆಮೇಲೆ ಯಾರೂ ಮುಟ್ಟಕೂಡದು" ಅಂದ್ರು.

ಮಾರನೇ ದಿನ ಅತ್ತೆ ತಲೆಗೆ ಸ್ನಾನ ಮಾಡಿ ಬಂದ್ರು. ಡ್ರಮ್ಮಿಗೆ ಕುದಿಯೋ ನೀರು, ಎರಡೆರಡು ಸಲ. ಹೊಸ ಸೌಟು, ಅಡುಗೆಮನೆಯದ್ದನ್ನ ಹತ್ರ ಸೇರಿಸಲಿಲ್ಲ. ಒದ್ದೆ ಕೈ ಇಲ್ಲ, ಮುಸುರೆ ಬಟ್ಟೆ ಇಲ್ಲ. ಯೀಸ್ಟು ಹಾಕಿ, ಮುಚ್ಚಳ ಬಿಗಿದು, ಮೇಲೆ ಒಗೆದ ಬಿಳೀ ಬಟ್ಟೆ ಕಟ್ಟಿದ್ರು, ಭರಣಿಗೆ ಕಟ್ಟೋ ಹಾಗೆ. ಆಮೇಲೆ ಲಾಂಡ್ರಿ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಹತ್ತಿ ಬತ್ತಿ ಹೊಸೀತಾ ಕೂತ್ರು. ಮೂರು ವಾರ!

"ಎಲ್ಲಿಗೆ ಅಳಿಯಂದ್ರೇ?"

"ಸಾಕ್ಸ್ ಬೇಕಿತ್ತು ಅತ್ತೆ."

"ನಿನ್ನೆಯೂ ಸಾಕ್ಸೇ ಬೇಕಿತ್ತು."

ಬಾಟಲಿಗಳಿಗೆ ಇಡ್ಲಿ ಬೇಯಿಸಿದ ಹಾಗೆ ದೊಡ್ಡ ಪಾತ್ರೆಯಲ್ಲಿ ಹಬೆ ಕೊಟ್ರು. "ಚೂರೇ ಚೂರು ಸಕ್ಕರೆ ಅಂತೆ ಅಮ್ಮ, ಅಳೆದು" ಅಂತ ಹೆಂಡತಿ ಹೇಳಿದ್ದಕ್ಕೆ, ಮೊಮ್ಮಗಳ ಕೆಮ್ಮಿನ ಸಿರಪ್ಪಿನ ಅಳತೆ ಚಮಚ ಹುಡುಕಿ, ಮೇಲೆ ಸವರಿ ಸಮ ಮಾಡಿ ಹಾಕಿದ್ರು. ಇದನ್ನೆಲ್ಲಾ ರನ್‌ಕಾರ್ನಿನ ಸ್ನೇಹಿತರಿಗೆ ಹೇಳಿದೆ. "ಅವರ ವೀಸಾ ಎಷ್ಟು ದಿನದ್ದು?" ಅಂತ ಕೇಳಿದ್ರು.

ಅಜ್ಜ ಹೊರಡೋ ಹಿಂದಿನ ಭಾನುವಾರ ಆರ್ವೋ ಬಂದ್ರು. ಅವರ ಮನೆ ಖಾಲಿಯಾಗಿತ್ತು, ಕೂರೋಕೆ ಕುರ್ಚಿ ಇರಲಿಲ್ಲ. ನಮ್ಮ ಹಿತ್ತಲಿನ ಪ್ಯಾಟಿಯೋದಲ್ಲಿ ಕೂರಿಸಿ, ಬಾಟಲಿ ತೆಗೆದು ಕೊಟ್ಟೆ. ಅಜ್ಜ ಒಂದು ಗುಟುಕು ಕುಡಿದ್ರು. ಇನ್ನೊಂದು ಗುಟುಕು. ಈ ಸಲ ಏನು ತೊಳೆಯೋಕೆ ಒಯ್ತಾರೋ ಅಂತ ಕಾಯ್ತಾ ನಿಂತೆ. ಲೋಟ ಖಾಲಿ ಮಾಡಿ ಕೆಳಗಿಟ್ಟು, "ಇದು ಮೇಟ್. ಇದೇ ನನ್ನ ಡ್ರಮ್ಮಿನ ರುಚಿ" ಅಂದ್ರು. ಅವರ ಕಣ್ಣು ಒದ್ದೆಯಾಗಿತ್ತು. ನಂದೂ ಅಷ್ಟೇ, ಮುಚ್ಚಿಡೋದೇನಿದೆ.

"ಹೆಂಗೆ ಮಾಡಿದೆ?"

ಬಾಯಿ ತೆರೆದೆ. ಮಗಳು ನನಗಿಂತ ಮುಂಚೆ, "ಅಜ್ಜಿ ಮೇಡ್ ಇಟ್" ಅಂದಳು.

ಅಜ್ಜ ಎದ್ದು ಟೋಪಿ ತೆಗೆದು, ಅತ್ತೆ ಕಡೆ ತಲೆ ಬಾಗಿಸಿದ್ರು. ಅತ್ತೆ ದೂರದಿಂದಲೇ ಕೈ ಮುಗಿದು, "ಏನಂತೆ?" ಅಂದ್ರು. "ಚೆನ್ನಾಗಿದೆಯಂತೆ ಅತ್ತೆ, ಬಾರ್ಲಿ" ಅಂದೆ. "ಹ್ಞೂಂ" ಅಂದ್ರು.

ಅಜ್ಜ ಡಜನ್ ಬಾಟಲಿ ಕಾರಿಗೆ ಹಾಕ್ಕೊಂಡು, ಕರ್ಕೊಂಡು ಹೋಗೋಕೆ ಬಂದಿದ್ದ ತಮ್ಮ ಮಗಳ ಜೊತೆ ಅಡಿಲೇಡಿಗೆ ಹೋದ್ರು. ಆ ವಾರವೇ ಲಾರಿ ಬರೋ ದಿನ. ನೋಡ್ತೀನಿ, ಹೆಂಡತಿ ಡ್ರಮ್ಮನ್ನ ಎರಡೂ ಕೈಯಲ್ಲಿ ತಬ್ಬಿಕೊಂಡು ಬಾಗಿಲು ದಾಟ್ತಾ ಇದ್ದಾಳೆ.

"ಈ ಸಲ ಕೆಡಲಿಲ್ವಲ್ಲ ಮಾರಾಯ್ತಿ!" ಅಂದೆ.

"ಅಜ್ಜನಿಗೆ ಕೊಟ್ಟ ಮಾತು ತೀರಿತು. ಅಮ್ಮ ಊರಿಗೆ ಹೋದ ಮೇಲೆ ಮತ್ತೆ ಮಾಡೋರು ನೀವೇ ತಾನೆ?"

ಒಳಗಿಂದ ಅತ್ತೆ ಬಂದ್ರು. "ಅದನ್ನ ಇಳಿಸೇ. ಯಾಕೆ ಎಸೀತೀಯ?"

ಹೆಂಡತಿಗೂ ಸಾಕಾಗಿಹೋಗಿತ್ತು. ಸತ್ಯ ಹೇಳಿಬಿಟ್ಟಳು. "ಅಮ್ಮಾ, ಅದು ಬಾರ್ಲಿ ನೀರಲ್ಲ. ಬಿಯರು."

"ಗೊತ್ತು" ಅಂದ್ರು ಅತ್ತೆ. "ಡಬ್ಬದ ಮೇಲೆ ಅಷ್ಟು ದೊಡ್ಡ ನೊರೆ ಲೋಟದ ಚಿತ್ರ ಇದೆ, ನಾನೇನು ಕುರುಡೀನಾ? ಕುಡಿಯೋದು ಬಿಡೋದು ಅವರವರ ಹಣೆಬರಹ. ನನ್ನ ಕಣ್ಣೆದುರಿಗೆ ಪದಾರ್ಥ ಕೆಡಬಾರದು, ಅಷ್ಟೇ."

ಅತ್ತೆ ಡ್ರಮ್ಮನ್ನ ನನ್ನ ಹೆಂಡತಿ ಕೈಯಿಂದ ಬಿಡಿಸ್ಕೊಂಡು, ಸೆರಗಿನಲ್ಲಿ ಒಂದ್ಸಲ ಒರೆಸಿದ್ರು.

"ಇದರಲ್ಲಿ ಏನೂ ದೋಷ ಇಲ್ಲ ಕಣೆ. ಹೊರಗೆ ಇಡಲೇಬೇಕು ಅಂದ್ರೆ, ನಿಮ್ಮ ಯಜಮಾನರನ್ನ ಇಡು."

ಹೆಂಡತಿ ಕೌನ್ಸಿಲ್ ಚೀಟಿ ತೆಗೆದು, ಏನೇನು ಇಡಬಹುದು ಅಂತ ಇನ್ನೊಂದ್ಸಲ ಓದೋಕೆ ಶುರು ಮಾಡಿದಳು.