ಜರ್ಮನಿಯವನಿಗೆ ನಾನು ಚಿನ್ನದ ಅರ್ಥ ಹೇಳಿದ್ದು

ಗಲ್ಫಿಗೆ ಬಂದ ಕಾಲದಲ್ಲಿ, ದೇರಾದ ಚಿನ್ನದ ಬಜಾರಿನಲ್ಲಿ ಬಳೆಯನ್ನು ಮುಟ್ಟದೆ, ಉಜ್ಜದೆ ಕ್ಯಾರೆಟ್ ಹೇಳುತ್ತಿದ್ದವನು ನಾನೊಬ್ಬನೇ. ಅದನ್ನು ಕಣ್ಣಾರೆ ಕಂಡವರಲ್ಲಿ ಈಗ ಇಲ್ಲಿ ಯಾರೂ ಇಲ್ಲ. ಇಬ್ಬರು ತೀರಿಕೊಂಡರು, ಉಳಿದವರು ವೀಸಾ ಮುಗಿದು ಊರಿಗೆ ಹೋದರು. ಶಾಲೆಯ ಮೆಟ್ಟಿಲು ಹತ್ತದವನಿಗೆ ಇಂಥ ವಿದ್ಯೆಯೆಲ್ಲ ಒಲಿಯುತ್ತಲೇ ಇರುತ್ತದೆ, ಏನು ಮಾಡುವುದು.

೧. ಮಾಲೀಕರ ಪರೀಕ್ಷೆ

ಒಮ್ಮೆ ಅಂಗಡಿ ಮಾಲೀಕರು ಎರಡು ಮುಷ್ಟಿಯಲ್ಲಿ ಒಂದೊಂದು ಬಳೆ ಅಡಗಿಸಿ, "ಇಪ್ಪತ್ತೆರಡು ಕ್ಯಾರೆಟ್ ಯಾವುದು, ಹೇಳು" ಅಂದರು. "ಬಲಗೈಯದ್ದು" ಅಂದೆ. ಸರಿಯಾಗಿತ್ತು.

"ಅದು ಹೇಗೆ ಮಾರಾಯ?"

"ಆ ಮುಷ್ಟಿಯನ್ನೇ ನೀವು ಗಟ್ಟಿಯಾಗಿ ಹಿಡಿದದ್ದು."

೨. ನನ್ನ ರೂಮಿನವನು

ಸತ್ವಾದಲ್ಲಿ ನಮ್ಮ ರೂಮಿನಲ್ಲಿ ಆರು ಮಂಚ ಉಂಟು, ಜನ ಈಗ ಇಬ್ಬರೇ. ಇನ್ನೊಬ್ಬ ಉಳ್ಳಾಲದ ಕಡೆಯ ಬ್ಯಾರಿ, ಡ್ರೈವರ್. ಮೊನ್ನೆ ಅವನಿಗೆ ಮಾಲೀಕರ ಪರೀಕ್ಷೆಯ ಕತೆ ಹೇಳಿದೆ. ಗೋಡೆಗೆ ಮುಖ ಮಾಡಿ ಮಲಗಿದ್ದವನು "ಹೌದು, ಹೌದು" ಅನ್ನುತ್ತಿದ್ದ. ಎಷ್ಟೋ ತಿಂಗಳ ಮೇಲೆ ಇಷ್ಟು ಚಂದ ಕೇಳುವವನು ಸಿಕ್ಕಿದನಲ್ಲ ಅಂತ ಇನ್ನೆರಡು ಕತೆ ಸೇರಿಸಿಯೇ ಹೇಳಿದೆ. ಕೊನೆಗೆ ಅವನು, "ಸರಿ, ಮಗುವಿಗೆ ಜ್ವರದ ಔಷಧಿ ಕೊಟ್ಟೆಯಾ?" ಅಂದ.

ಕಿವಿಯಲ್ಲಿ ಇಯರ್‌ಫೋನ್. ಆ ಕಡೆಯಲ್ಲಿದ್ದದ್ದು ಅವನ ಹೆಂಡತಿ.

೩. ಹಳದಿ ಬಳೆ

ಮಗಳ ಮನೆ ಇದೇ ಊರಿನ ಇನ್ನೊಂದು ತುದಿ, ಮಿರ್ದಿಫ್‌ನಲ್ಲಿ. ಬಂದು ಜೊತೆಗಿರು ಅಂತ ಅವಳು ಕರೆದಾಗ, ಸತ್ವಾ ಬಿಟ್ಟರೆ ನನಗೆ ನಿದ್ದೆ ಬಾರದು ಅಂತ ಬೀಗಿದವನು ನಾನೇ. ಮತ್ತೆ ಅವಳು ಕರೆಯಲಿಲ್ಲ. ಆದರೆ ನಮ್ಮ ಓಣಿಯ ಟೈಲರ್ ಹತ್ತಿರ ಬ್ಲೌಸ್ ಹೊಲಿಸುತ್ತಾಳೆ. ಅಳತೆ ಸರಿ ಮಾಡಿಸಿಕೊಂಡು ಬರುವವರೆಗೆ ಮೊಮ್ಮಗಳನ್ನು ನನ್ನಲ್ಲಿ ಬಿಡುತ್ತಾಳೆ. ಅದಕ್ಕೆ ನಾನು ಟೈಲರ್‌ಗೆ ಚಹಾ ಕುಡಿಸಿ, ತೋಳು ಸ್ವಲ್ಪ ಬಿಗಿಯಾಗಿಯೇ ಹೊಲಿ ಅಂತ ಹೇಳಿಟ್ಟಿದ್ದೇನೆ. ಮೂರು ಭಾನುವಾರ ಆಯಿತು, ತೋಳು ಇನ್ನೂ ಬಿಗಿ.

ಈ ಭಾನುವಾರ ಹುಡುಗಿ ಫೋನ್ ತೆಗೆಯುವ ಮೊದಲೇ ಶುರು ಮಾಡಿದೆ.

"ಮೂವತ್ತು ವರ್ಷದ ಹಿಂದೆ ಒಬ್ಬ ಜರ್ಮನಿಯವನು ನಮ್ಮ ಅಂಗಡಿಗೆ ಬಂದ. ಅವರ ದೇಶದ ಒಡವೆಯಲ್ಲಿ ಬೆರಕೆ ಜಾಸ್ತಿ, ಬಣ್ಣ ಮಂಕು. ನಮ್ಮ ಇಪ್ಪತ್ತೆರಡರ ಬಳೆ ನೋಡಿ, ಇಷ್ಟು ಹಳದಿಯಾ, ಇದು ಹಿತ್ತಾಳೆ ಅಂತ ಬಾಗಿಲಿಗೆ ಹೊರಟ. ನಾನು ತಡೆದೆ. ಸ್ವಾಮೀ, ನೀವು ಗೋಲ್ಡ್ ಅನ್ನುತ್ತೀರಿ. ಇಂಗ್ಲಿಷಿನವರದ್ದೂ ಅದೇ, ಸ್ವೀಡನ್ನಿನವರು ಗುಲ್ಡ್, ಡಚ್ಚರು ಗೌಟ್ ಅನ್ನುತ್ತಾರೆ. ಎಲ್ಲಕ್ಕೂ ಬೇರು ಒಂದೇ ಹಳೇ ಮಾತು. ಅರ್ಥ ಹೊಳೆಯುವುದು, ಹಳದಿ. ನಮ್ಮ ಹಿರಣ್ಯವೂ ಅದೇ ಬೇರಿನದ್ದು. ಹಳದಿ ಅಲ್ಲದ್ದಕ್ಕೆ ಆ ಹೆಸರಿಟ್ಟು ಮಾರುವವರು ನೀವು ಅಂದೆ. ಅವನು ಬೆಪ್ಪಾಗಿ ನಾಲ್ಕು ಬಳೆ ಕೊಂಡ."

ಹುಡುಗಿ ನನ್ನನ್ನೇ ನೋಡಿದಳು. "ಅಜ್ಜ, ದಟ್ ವಾಸ್ ಮೈ ಹೋಮ್‌ವರ್ಕ್."

"ಯಾವುದು?"

"ಗೋಲ್ಡ್, ಗುಲ್ಡ್, ಹಿರಣ್ಯ, ಎಲ್ಲ. ನನ್ನ ಜರ್ಮನ್ ಕ್ಲಾಸಿನದ್ದು. ಲಾಸ್ಟ್ ಸಂಡೇ ಇಲ್ಲೇ ಕೂತು ಜೋರಾಗಿ ಓದಿದೆನಲ್ಲ."

ನಾನು ಹೆಗಲು ಹಾರಿಸಿದೆ.

"ಇರಬಹುದು. ನೀನು ಹೋದ ಮೇಲೆ ಈ ರೂಮಿನಲ್ಲಿ ನನ್ನ ಹತ್ತಿರ ಬೇರೆ ಯಾರೂ ಮಾತಾಡಲಿಲ್ಲ ನೋಡು."