ಮೇಷ್ಟ್ರು ಮೆಮೊರಿ ಹಾಕಿದ್ದು

ಮೂರನೇ ಸುತ್ತಿನ ತಿರುವಿಗೆ ಬಂದಾಗಲೆಲ್ಲ ಕಾರು ನಿಂತುಬಿಡುತ್ತಿತ್ತು. ನಿಜವಾದ ಕಾರಲ್ಲ, ಕಂಪ್ಯೂಟರ್ ಆಟದ ಕಾರು. ಆರು ತಿಂಗಳಾದರೂ ಡ್ರಾಯಿಂಗ್ ಮೇಷ್ಟ್ರಿಗೆ ಆ ತಿರುವು ದಾಟಲು ಆಗಿರಲಿಲ್ಲ. ಮೆಮೊರಿ ಸಾಲದು ಎಂದಿದ್ದ ಅಂಗಡಿಯವನು. ಆದರೆ ಆಟಕ್ಕೆ ಮೆಮೊರಿ ತರುತ್ತೇನೆ ಎಂದು ಹೆಂಡತಿಯ ಮುಂದೆ ಬಾಯಿಬಿಡುವ ಧೈರ್ಯ ಯಾವ ಗಂಡನಿಗಿದೆ ಹೇಳಿ?

ಅಷ್ಟರಲ್ಲಿ ಹೆಂಡತಿಗೇ ಇಂಟರ್‌ವ್ಯೂ ಬಂತು. ಬಟ್ಟೆ ಒಗೆಯುವ ಮೆಷಿನ್ನಿನ ಕಂಪನಿ, ಗಿರಾಕಿಗಳ ದೂರು ಕೇಳುವ ಕೆಲಸ. ಮಕ್ಕಳಾದ ಮೇಲೆ ಹನ್ನೊಂದು ವರ್ಷ ಮನೆಯಲ್ಲೇ ಉಳಿದಿದ್ದ ಆಕೆ ಈ ಕೆಲಸ ಸಿಗಲೇಬೇಕೆಂದು ವಾರದಿಂದ ಕನ್ನಡಿಯ ಜೊತೆ ಮಾತಾಡಿ ಅಭ್ಯಾಸ ಮಾಡುತ್ತಿದ್ದಳು. ಇಂಟರ್‌ವ್ಯೂ ಕಂಪ್ಯೂಟರಿನಲ್ಲೇ, ಸಂಜೆ ನಾಲ್ಕಕ್ಕೆ.

"ಮಧ್ಯದಲ್ಲಿ ನಿಂತುಹೋದ್ರೆ ಏನ್ ಗತಿ? ನಿನಗೋಸ್ಕರ ಹೊಸ ಮೆಮೊರಿ ಹಾಕ್ತೀನಿ ಕಣೇ," ಎಂದರು ಮೇಷ್ಟ್ರು. ಆಕೆಯ ಕಣ್ಣು ತುಂಬಿ ಬಂತು. ಮೇಷ್ಟ್ರಿಗೆ ಒಳಗೊಳಗೇ ನಾಚಿಕೆಯಾಯಿತು, ಆದರೂ ಇಂಟರ್‌ವ್ಯೂ ದಿನ ತಂದು ಹಾಕಿದರು.

ಹಾಕಿ ಗುಂಡಿ ಒತ್ತಿದ್ದೇ ತಡ, ಕಂಪ್ಯೂಟರ್ ಬೀಪ್ ಬೀಪ್ ಎಂದು ಎಳೆಮಗುವಿನಂತೆ ರಚ್ಚೆ ಹಿಡಿಯಿತು. ಸದ್ದು ಕೇಳಿ ಮಹಡಿಯ ರೇಡಿಯೋ ಮಾಮ ಇಳಿದು ಬಂದರು. ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು, ಸ್ಕ್ರೂಡ್ರೈವರ್ ಜೇಬಿನಲ್ಲೇ ಇತ್ತು.

"ಏನಿಲ್ಲ ಮೇಷ್ಟ್ರೇ, ಮೆಮೊರಿ ಪಟ್ಟಿಯ ಹಲ್ಲಿಗೆ ಕೊಳೆ ಕೂತಿರುತ್ತೆ. ರಬ್ಬರ್ ತಗೊಂಡು ಉಜ್ಜಿ."

ಡ್ರಾಯಿಂಗ್ ಮೇಷ್ಟ್ರ ಮನೆಯಲ್ಲಿ ರಬ್ಬರಿಗೇನು ಬರ? ಉಜ್ಜಿ ಕೂರಿಸಿದರು. ಕಂಪ್ಯೂಟರ್ ಎದ್ದಿತು, ಓಡಿತು, ಹಾರಿತು. ಆದರೆ ಸ್ಪೀಕರಿನಿಂದ ಒಂದು ಕೆಮ್ಮೂ ಇಲ್ಲ.

"ಹೊಸ ಮೆಮೊರಿಗೂ ಸೌಂಡ್ ಕಾರ್ಡಿಗೂ ಆಗಿಬರ್ತಿಲ್ಲ," ಎಂದು ಮಾಮ ತೀರ್ಪು ಕೊಟ್ಟರು. ಕಾರ್ಡು ಕಿತ್ತು ಪಕ್ಕದ ಜಾಗಕ್ಕೆ ಹಾಕಿದರೆ ಸೌಂಡ್ ಬಂತು, ಚಿತ್ರ ಹೋಯಿತು. ಮತ್ತೆ ಬದಲಿಸಿದರೆ ಚಿತ್ರ ಬಂತು, ಸೌಂಡ್ ಹೋಯಿತು.

"ಅತ್ತೆ ಸೊಸೆನ ಒಂದೇ ಅಡುಗೆಮನೇಲಿ ಬಿಟ್ಟಂಗಾಯ್ತು," ಎನ್ನುತ್ತಾ ಎದುರುಮನೆ ಆಂಟಿಯೂ ಕುರ್ಚಿ ಎಳೆದುಕೊಂಡು ಕೂತರು.

"ನಾನೊಂದ್ಸಲ ನೋಡ್ಲಾ ರೀ?" ಎಂದು ಮೇಷ್ಟ್ರ ಹೆಂಡತಿ ಮೂರು ಸಲ ಕೇಳಿದಳು.

"ನೀನು ಹೋಗಿ ಓದ್ಕೋ!" ಎಂದು ಮೂರು ಸಲವೂ ಮೂವರೂ ಗದರಿದರು.

ನಾಲ್ಕಾಯಿತು. ಪರದೆಯ ಮೇಲೆ ಕಂಪನಿಯ ಮೇಡಂ, ಪಕ್ಕದಲ್ಲಿ ಬೊಕ್ಕತಲೆಯ ಸಾಹೇಬರು. ಮೇಡಂ ತುಟಿ ಅಲ್ಲಾಡುತ್ತಿದೆ, ಮಾತಿಲ್ಲ.

"ನಮಗೆ ಕೇಳಲ್ಲ ಅಂದ್ಮೇಲೆ ಅವರಿಗೂ ಕೇಳಲ್ಲ," ಎಂದರು ಮಾಮ. ಎಲ್ಲರೂ ತಲೆಯಾಡಿಸಿದರು.

"ಆಕೆ ಮುಖ ನೋಡಿ, ಹರಳೆಣ್ಣೆ ಕುಡಿದಂಗಿದೆ," ಎಂದರು ಆಂಟಿ. ಮೇಡಂ ಯಾಕೋ ಕೆನ್ನೆ ಮುಟ್ಟಿಕೊಂಡರು.

"ಹನ್ನೊಂದು ವರ್ಷ ಕಾದಿದ್ದೀನಿ ಕಣ್ರೀ," ಎಂದಳು ಹೆಂಡತಿ.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ತಪ್ಪಾಯ್ತು ಕಣೇ! ಮೆಮೊರಿ ತಂದಿದ್ದು ನಿನಗೋಸ್ಕರ ಅಲ್ಲ, ನನ್ನ ಕಾರಾಟಕ್ಕೆ!"

ಮಾಮನ ಕೈಯಿಂದ ಸ್ಕ್ರೂಡ್ರೈವರ್ ಬಿತ್ತು. ಆಕೆ ಮಾತ್ರ ಒಮ್ಮೆ ಉಸಿರೆಳೆದುಕೊಂಡು, "ಸರಿ, ಅದನ್ನ ಆಮೇಲೆ ಮಾತಾಡೋಣ. ಮಾಮ, ಸ್ವಲ್ಪ ಆಚೆ ಸರೀರಿ. ಆಂಟಿ, ಟಾರ್ಚ್ ಹಿಡೀರಿ," ಎಂದಳು. ಕಂಪ್ಯೂಟರಿನ ಹಿಂದೆ ಬಗ್ಗಿ, ಸ್ಪೀಕರಿನ ವೈರನ್ನು ಕಾರ್ಡಿನಿಂದ ಕಿತ್ತು ಪಕ್ಕದಲ್ಲಿದ್ದ ಕಂಪ್ಯೂಟರಿನದೇ ಹಸಿರು ತೂತಿಗೆ ಚುಚ್ಚಿದಳು. "ಆ ಕಾರ್ಡ್ ತರೋಕೆ ಮುಂಚೆ ಸೌಂಡ್ ಇಲ್ಲಿಂದಲೇ ಬರ್ತಿತ್ತಲ್ವಾ?"

"ಈಗ ಕೇಳಿಸ್ತಾ ಅಮ್ಮಾ?" ಎಂದಿತು ಸ್ಪೀಕರು. "ನಮಗಂತೂ ಮೊದಲಿಂದ್ಲೂ ಕೇಳಿಸ್ತಿತ್ತು. ನಿಮ್ಮ ಕ್ಯಾಮೆರಾದಲ್ಲೇ ಮೈಕ್ ಇದೆಯಲ್ಲ! ಬರೆದು ತಿಳಿಸೋಣ ಅಂದ್ಕೊಂಡ್ವಿ, ನಗು ತಡೆಯೋದ್ರಲ್ಲೇ ಆಗೋಯ್ತು."

ಆಂಟಿ ಸದ್ದಿಲ್ಲದೆ ಕುರ್ಚಿಯ ಹಿಂದೆ ಅವಿತುಕೊಂಡರು.

"ಇಂಥ ಮೂರು ಜನರನ್ನ ಒಂದೂ ಕೆಟ್ಟ ಮಾತಾಡದೆ ಸಂಭಾಳಿಸಿದ್ರಿ," ಎಂದರು ಮೇಡಂ. " ನಿಮಗೆ ನಮ್ಮ ಗಿರಾಕಿಗಳು ಯಾವ ಲೆಕ್ಕ? ಕೆಲಸ ನಿಮ್ಮದೇ. ಮನೆಯಿಂದಲೇ, ಇದೇ ಕಂಪ್ಯೂಟರಿನಲ್ಲಿ, ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ."

ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ನಕ್ಕಳು. ಮೇಷ್ಟ್ರಿಗೂ ನಿಜವಾಗಿ ಸಂತೋಷವಾಯಿತು. ಆಮೇಲೆ, ತಾವು ಸ್ಕೂಲಿನಿಂದ ಬರುವುದು ಮೂರಕ್ಕೆ, ಮಲಗುವುದು ಹತ್ತಕ್ಕೆ ಎಂಬುದು ಮೆಲ್ಲಗೆ ಹೊಳೆಯಿತು. ಭಾನುವಾರ ಒಂದಾದರೂ ಉಂಟಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಬೊಕ್ಕತಲೆಯ ಸಾಹೇಬರು ಮೊದಲ ಸಲ ಬಾಯಿಬಿಟ್ಟರು.

"ಇನ್ನೊಂದು ವಿಷಯ. ಕೆಲಸದ ಕಂಪ್ಯೂಟರಿನಲ್ಲಿ ಆಟ ಇರಕೂಡದು, ಕಂಪನಿ ನಿಯಮ. ಆ ಕಾರಾಟ ಈಗಲೇ ಅಳಿಸಿಬಿಡಿ ಅಮ್ಮಾ."

ಆಕೆ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ತಲೆಯಾಡಿಸಿದರು. ಹೊಸ ಮೆಮೊರಿ ನಿಜಕ್ಕೂ ಒಳ್ಳೆಯ ಮಾಲು. ಆಟ ಅಳಿಸಿಹೋಗಲು ಎರಡು ಸೆಕೆಂಡೂ ಹಿಡಿಯಲಿಲ್ಲ.