ಹಿನ್ನೀರಿನ ಹೋಂಸ್ಟೇಗೆ ಒಂದು ವೆಬ್‌ಸೈಟು

ಹುಣಸೂರಿನಲ್ಲಿ ಕೂತು ಸುತ್ತಲಿನ ಊರುಗಳ ವ್ಯಾಪಾರಸ್ಥರಿಗೆ ವೆಬ್‌ಸೈಟ್ ಡಿಸೈನ್ ಮಾಡಿಕೊಡುವವಳು ನಾನು. ಬಿಪಿ ಮಾತ್ರೆ ಬರೆದುಕೊಟ್ಟ ಡಾಕ್ಟರು, “ಟೆನ್ಷನ್ ತಗೋಬೇಡಿ” ಅಂದರು. ನಾನೆಲ್ಲಿ ತಗೊಳ್ತೀನಿ? ಗಿರಾಕಿಗಳೇ ಮನೆ ಬಾಗಿಲಿಗೆ ತಂದುಕೊಡುತ್ತಾರೆ.

ಈ ಸಲ ತಂದವರು ಬೀಚನಹಳ್ಳಿ ಕಡೆಯ ಅಣ್ಣ-ತಮ್ಮ. ತಮ್ಮ ಹಟ ಹಿಡಿದು ಹಿನ್ನೀರಿನ ಪಕ್ಕದ ಹೊಲದಲ್ಲಿ ನಾಲ್ಕು ರೂಮಿನ ಹೋಂಸ್ಟೇ ಕಟ್ಟಿಸಿದ್ದ. ವರ್ಷವಾದರೂ ಜನ ಬರಲಿಲ್ಲ. ಮೈಸೂರಿನ ಒಂದು ಟ್ರಾವೆಲ್ಸಿನವರು, “ಶುಕ್ರವಾರ ವೆಬ್‌ಸೈಟ್ ತೋರಿಸಿ, ಹಿಡಿಸಿದರೆ ಗೆಸ್ಟುಗಳನ್ನು ಕಳಿಸ್ತೀವಿ” ಅಂದಿದ್ದರು. ಅಣ್ಣನೂ ತಮ್ಮನಿಗೆ ಒಂದು ಮಾತು ಅಂದಿದ್ದರು: “ಅವ್ರು ಒಪ್ಪನಿಲ್ಲ ಅಂದ್ರೆ ರೂಮು ಕೆಡವಿ ಶುಂಠಿ ಹಾಕ್ತೀನಿ ಕಣ್ಲಾ.”

ತಮ್ಮನ ಮುಖ ನೋಡಿದ ಮೇಲೆ ನನ್ನ ನಿದ್ದೆಯೂ ಹಾರಿಹೋಯಿತು.

ಖಾಲಿ ಜಾಗ

ಮೊದಲ ಡಿಸೈನ್ ತೋರಿಸಿದೆ. ನೀರು, ಆಕಾಶ, ಮೂಲೆಯಲ್ಲಿ ಒಂದು ತೆಪ್ಪ, ಕೆಳಗೆ ಸಣ್ಣಗೆ ಹೆಸರು.

ಅಣ್ಣ ಕನ್ನಡಕ ಏರಿಸಿದರು. “ಇಷ್ಟೊಂದು ಜಾಗ ಯಾಕ್ ಖಾಲಿ ಬುಟ್ಟಿದ್ದೀರಿ ಮೇಡಂ?”

“ಖಾಲಿ ಇದ್ದರೆ ನೋಡುವವರ ಕಣ್ಣಿಗೆ ಹಾಯ್ ಅನ್ಸುತ್ತೆ ಸರ್.”

“ಅಂಗನ್ಬೇಡಿ. ನಮ್ಮೂರಲ್ಲಿ ಇಷ್ಟು ಖಾಲಿ ಬುಟ್ರೆ ಬೆಳಗಾಗೋದ್ರೊಳಗೆ ಒತ್ತುವರಿ ಮಾಡ್ತಾರೆ.”

ರೂಮಿಗೊಬ್ಬ ಅವ್ವ

ಫೋಟೊ ತೆಗೆಯಲು ಹೋದೆ. ಮೊದಲ ರೂಮಿನ ಮಂಚದ ಮೇಲೆ ಅವರ ಅವ್ವ ರೇಷ್ಮೆ ಸೀರೆ ಉಟ್ಟು ಕೂತಿದ್ದರು.

“ಅವ್ವಾ, ಬರೀ ರೂಮು ಸಾಕು.”

“ಯಾರೂ ಇಲ್ದಿರೋ ಮನೆಗೆ ಯಾರ್ ಬತ್ತಾರೆ ಮಗ? ಬನ್ನಿ ಅನ್ನಕ್ಕಾದ್ರೂ ಒಬ್ರು ಬ್ಯಾಡ್ವಾ?”

ಸರಿ, ಒಂದು ಇರಲಿ ಅಂತ ತೆಗೆದೆ. ಎರಡನೆಯ ರೂಮಿಗೆ ಹೋದರೆ ಅಲ್ಲಿಯೂ ಅವ್ವ. ಮೂರರಲ್ಲೂ ಅವರೇ, ನಾಲ್ಕರಲ್ಲೂ ಅವರೇ. ನನಗಿಂತ ಮೊದಲು ಹೇಗೆ ತಲುಪುತ್ತಿದ್ದರೋ! ಕೊನೆಗೆ ಅವರು ನನಗೆ ಕಾಫಿ ಕಾಯಿಸಲು ಹೋದಾಗ, ಕಳ್ಳಿಯ ಹಾಗೆ ಓಡಾಡಿ ನಾಲ್ಕೂ ರೂಮು ಮತ್ತೆ ತೆಗೆದುಕೊಂಡೆ.

ತಮ್ಮ ಮೊದಲಿನ ಫೋಟೊಗಳನ್ನು ನೋಡಿ ನಿಟ್ಟುಸಿರು ಬಿಟ್ಟ. “ಮತ್ತೆ ತೆಗೆದಿದ್ದು ಒಳ್ಳೇದಾಯ್ತು ಬುಡಿ ಮೇಡಂ. ಇಲ್ಲಾಂದ್ರೆ ಒಂದೊಂದು ರೂಮಿಗೂ ಒಬ್ಬೊಬ್ಬ ಅವ್ವ ಫ್ರೀ ಅನ್ಕಂಬುಡೋರು.”

ಶುಕ್ರವಾರ

ಹನ್ನೊಂದಕ್ಕೆ ವಿಡಿಯೋ ಕಾಲ್: ಅಣ್ಣ-ತಮ್ಮ ಊರಿನಿಂದ, ನಾನು ಹುಣಸೂರಿನಿಂದ, ಟ್ರಾವೆಲ್ಸಿನವರು ಮೈಸೂರಿನಿಂದ. ಅದಕ್ಕೆ ಅರ್ಧ ಗಂಟೆ ಮುಂಚೆ ತಮ್ಮನ ಫೋನು. “ಮೇಡಂ, ವೆಬ್‌ಸೈಟಿಗೆ ದೃಷ್ಟಿ ಬೊಂಬೆ ಹಾಕ್ಬೇಕಂತೆ. ಅತ್ತಿಗೆ ಪಟ್ಟು ಹಿಡಿದವ್ರೆ.”

“ಏನ್ರೀ ನೀವು, ಈಗ ಹೇಳ್ತೀರಲ್ಲ!”

ಅತ್ತಿಗೆಯೇ ಫೋನು ಕಿತ್ತುಕೊಂಡರು. “ಹೊಸ ಮನೆಗೆ ಕಟ್ಟಾಕಿಲ್ವಾ? ಇದನ್ನ ದೇಶದೋರೆಲ್ಲ ನೋಡ್ತಾರೆ ಅಂತೀರಿ. ಕಣ್ಣು ಬೀಳಾಕಿಲ್ವಾ?”

ಬೊಂಬೆ ಇಲ್ಲದಿದ್ದರೆ ಅಣ್ಣ ಮೀಟಿಂಗಿಗೆ ಕೂರುವುದಿಲ್ಲವಂತೆ. ವಾಟ್ಸಾಪಿನಲ್ಲಿ ಫೋಟೊ ಬಂತು: ಕೆಂಪು ಕಣ್ಣು, ಕೋರೆಹಲ್ಲು, ಹುರಿ ಮೀಸೆ, ಹೊರಚಾಚಿದ ನಾಲಿಗೆ. ಅದನ್ನು ಪುಟದ ತಳದಲ್ಲಿ, ಫೋನ್ ನಂಬರಿನ ಪಕ್ಕ ಕೂರಿಸಿದೆ. ಅಷ್ಟು ಕೆಳಗೆ ಯಾರು ನೋಡ್ತಾರೆ ಅಂತ.

ಟ್ರಾವೆಲ್ಸಿನ ಮೇಡಂ ನೋಡಿದರು. ಮೇಲಿನಿಂದ ಕೆಳಗೆ ಸರಿಸುತ್ತಾ ಬಂದರು. “ರೂಮು ಚೆನ್ನಾಗಿವೆ” ಅಂದರು. ನಾನು ಉಸಿರು ಬಿಡುವಷ್ಟರಲ್ಲಿ ತಳದಲ್ಲಿ ನಿಂತರು.

“ಇವರು… ಓನರ್ರಾ?”

ಅಣ್ಣನ ಮೀಸೆ ಅಲುಗಿತು. ನನ್ನ ಕಣ್ಣಿಗೆ ಶುಂಠಿ ಹೊಲವೇ ಕಾಣುತ್ತಿತ್ತು.

ಹಿಂದಿನಿಂದ ಅತ್ತಿಗೆ ಇಣುಕಿದರು. “ಅಲ್ಲ ಕಣಮ್ಮ, ಅದು ದೃಷ್ಟಿ ಬೊಂಬೆ. ನಮ್ಮನೆಯೋರು ಸಿಟ್ಟು ಬಂದ್ರೆ ಮಾತ್ರ ಅಂಗ್ ಕಾಣ್ತಾರೆ.”

ಆ ಮೇಡಂ ಕ್ಯಾಮೆರಾ ಆಫ್ ಮಾಡಿದರು. ಮೈಕು ಆಫ್ ಮಾಡಲು ಮರೆತಿದ್ದರು. ನಗು ನಮಗೆಲ್ಲ ಕೇಳಿಸಿತು. ಕಣ್ಣೊರೆಸಿಕೊಂಡು ವಾಪಸ್ ಬಂದು, “ಬರೋ ಶನಿವಾರ ಎರಡು ಫ್ಯಾಮಿಲಿ ಕಳಿಸ್ತೀನಿ. ಬೊಂಬೆ ತೆಗೀಬೇಡಿ” ಅಂದರು.

ತಮ್ಮ ನನಗೆ ಕೈಮುಗಿದ. ಅಣ್ಣ ಮಾತ್ರ ನಗಲಿಲ್ಲ. ಗಂಟಲು ಸರಿಮಾಡಿಕೊಂಡು ಅಂದರು:

“ಮೇಡಂ, ಅದ್ರ ಪಕ್ಕದಲ್ಲಿ ನನ್ನದೂ ಒಂದು ಫೋಟೊ ಹಾಕ್ಬುಡಿ. ಜನಕ್ಕೆ ವ್ಯತ್ಯಾಸ ಗೊತ್ತಾಗ್ಲಿ.”